ಬೆಳಕಿಗಿಂತ ವೇಗದ ಕಣ ಸಿಕ್ಕಿದೆಯಾ? ಸತ್ಯಾಂಶ

ಬೆಳಕನ್ನೂ ಹಿಂದೆ ಹಾಕುವ ಕಣ ಸಿಕ್ಕಿದೆ ಎಂಬ ಸಂದೇಶ ಆಗಾಗ ಬರುತ್ತಲೇ ಇರುತ್ತದೆ. ಅದು ನಿಜವಲ್ಲ. ಹಾಗಂತ ಸುಮ್ನೆ ಹುಟ್ಟಿದ ಮಾತೂ ಅಲ್ಲ. 2011ರಲ್ಲಿ ಸುಮಾರು 730 ಕಿ.ಮೀ. ಸಾಗಿದ ನ್ಯೂಟ್ರಿನೊ ಎಂಬ ಅತಿ ಹಗುರವಾದ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್‌ನಷ್ಟು (ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಮೊದಲೇ ತಲುಪಿದಂತೆ ಕಂಡಿತ್ತು. ಅಳೆದವರೇ ಅನುಮಾನಪಟ್ಟು, ಪರೀಕ್ಷಿಸಿ ನೋಡಿ ಎಂದು ಬೇರೆಯವರನ್ನು ಕೇಳಿಕೊಂಡರು. ನನಗೆ ತುಂಬಾ ಇಷ್ಟವಾಗುವುದು ಈ ಪ್ರಾಮಾಣಿಕತೆ. ಕೊನೆಗೆ ಸಿಕ್ಕ ಮುಖ್ಯ ಕಾರಣ, ಸಮಯದ ಸಂಕೇತ ಸಾಗಿಸುವ, ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್! 2012ರಲ್ಲಿ ಮತ್ತೆ ಅಳೆದಾಗ ಕಣಗಳು ಬೆಳಕನ್ನು ಮೀರಿರಲಿಲ್ಲ.

ದ್ರವ್ಯರಾಶಿ ಇರುವ ವಸ್ತು ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ಜಾಸ್ತಿ ಶಕ್ತಿ ಬೇಕು. ಆ ವೇಗ ಮುಟ್ಟಲು ಎಷ್ಟು ಶಕ್ತಿ ಕೊಟ್ಟರೂ ಸಾಲದು.

ಇಂಥ ಸಂದೇಶ ಬಂದರೆ ಮೊದಲು ಯಾವ ವರ್ಷದ್ದು ಅಂತ ನೋಡಿ. ಆಮೇಲೆ ಬೇರೆ ತಂಡಕ್ಕೂ ಅದೇ ಫಲಿತಾಂಶ ಸಿಕ್ಕಿತಾ ಎಂದು ಹುಡುಕಿ.