ಗ್ರೀಸ್‌ಗೆ ದುಡ್ಡು ತಗೊಂಡರು, ಗ್ರೀಸ್ ಮಾತ್ರ ಹಚ್ಚಲಿಲ್ಲ

ಐದಂಕಿ ಬಿಲ್ ಕಟ್ಟಿ ಬೈಕಿಗೆ ಹಿಂದಿನ ಶಾಕ್ (ಗುಂಡಿಯ ಪೆಟ್ಟು ತಡೆಯುವ ಶಾಕ್ ಅಬ್ಸಾರ್ಬರ್) ಮತ್ತು ಅದನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕೇಜ್ ಎರಡೂ ಹೊಸದು ಹಾಕಿಸಿದೆ. ಬಿಲ್ಲಿನಲ್ಲಿ ಶಾಕ್ ಇದೆ, ಲಿಂಕೇಜ್ ಅಸೆಂಬ್ಲಿ ಇದೆ, ಲೇಬರ್ ಇದೆ. ಕೆಳಗೆ ‘ಗ್ರೀಸ್ ಮತ್ತು ಕನ್ಸ್ಯೂಮಬಲ್ಸ್’ ಅಂತ ಇನ್ನೊಂದು ಸಾಲು. ಅದಕ್ಕೂ ಜಿಎಸ್‌ಟಿ ಕಟ್ಟಿದ್ದೇನೆ. ಈಗ ಲಿಂಕೇಜ್ ಬಿಚ್ಚಿ ನೋಡಿದರೆ ಒಳಗೆ ಒಂದು ಹನಿ ಗ್ರೀಸ್ ಇಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತೆ?

ಸರ್ವೀಸ್ ಸೆಂಟರ್ ಹೆಸರು ಇಲ್ಲಿ ಹಾಕುವುದಿಲ್ಲ. ಬೇರೆ ಬೇರೆ ಕಂಪನಿಯ ಬೈಕ್ ಓಡಿಸುವ ಗೆಳೆಯರೂ ಇದೇ ಗೋಳು ಹೇಳುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎರಡೂ ಪಕ್ಕ ಒಂದೊಂದು ಶಾಕ್ ಇರುವ ಬೈಕಿನಲ್ಲಿ ಈ ರಗಳೆ ಇಲ್ಲ. ಮೇಲೊಂದು ಬೋಲ್ಟ್, ಕೆಳಗೊಂದು ಬೋಲ್ಟ್, ಮುಗಿಯಿತು. ಲಿಂಕೇಜ್ ಇರುವ ಮೊನೊಶಾಕ್, ಅಂದರೆ ನಡುವೆ ಒಂದೇ ಶಾಕ್, ಹಾಗಲ್ಲ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಮತ್ತು ಶಾಕ್ ನಡುವೆ ರಾಕರ್ ಅನ್ನುವ ಒಂದು ತಿರುಗುವ ತುಂಡು, ಅದಕ್ಕೆ ಡಾಗ್‌ಬೋನ್ ಅನ್ನುವ ಪಟ್ಟಿಗಳು. ಚಕ್ರ ಮೇಲೆ ಹೋದ ಹಾಗೆಲ್ಲ ಇವು ತಿರುಗುತ್ತವೆ. ಸಣ್ಣ ಗುಂಡಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿಯಾಗಿ ಕೆಲಸ ಮಾಡುವ ಗುಣ ಬರುವುದೇ ಇದರಿಂದ. ಹೋಂಡಾದ ಪ್ರೊ-ಲಿಂಕ್, ಕವಾಸಾಕಿಯ ಯೂನಿ-ಟ್ರ್ಯಾಕ್ ಅನ್ನುವ ಇಂಥ ಲಿಂಕೇಜ್‌ಗಳೆಲ್ಲ 1980ರ ಆಸುಪಾಸಿನಲ್ಲೇ ಬಂದವು. ಇದೇನೂ ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಪ್ರತಿ ತಿರುಗುವ ಜಾಗದಲ್ಲೂ ಸೂಜಿಯಂಥ ರೋಲರ್‌ಗಳಿರುವ ನೀಡಲ್ ಬೇರಿಂಗ್, ಅದರೊಳಗೆ ಕಾಲರ್ ಅನ್ನುವ ಒಂದು ಸ್ಟೀಲ್ ಕೊಳವೆ, ಎರಡೂ ಕಡೆ ಡಸ್ಟ್ ಸೀಲ್ ಇರುತ್ತದೆ. ಇಷ್ಟೆಲ್ಲ ಕೂತಿರುವುದು ಬೈಕಿನ ಹೊಟ್ಟೆಯ ಕೆಳಗೆ, ಹಿಂದಿನ ಚಕ್ರದ ಮುಂದೆ. ರಸ್ತೆಯ ನೀರು, ಕೆಸರು, ಚೈನ್‌ನಿಂದ ಸಿಡಿಯುವ ಕೊಳೆ, ಎಲ್ಲ ಬಂದು ಬಡಿಯುವುದು ಅಲ್ಲಿಗೇ. ಅಲ್ಲಿ ಗ್ರೀಸ್ ಇರಲೇಬೇಕು. ನೀರಿಗೆ ಕರಗದ ಒಳ್ಳೆಯ ಗ್ರೀಸ್.

ನಾನು ದಿನಾ ಓಡಾಡುವುದು ನಾಯಂಡಹಳ್ಳಿಯಿಂದ ರಿಂಗ್ ರೋಡ್ ಹಿಡಿದು ಬನಶಂಕರಿ, ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಯ ಕಡೆಗೆ. ಆ ದಾರಿ ಹೇಗಿದೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ? ಮಳೆ ಬಂದರೆ ಗುಂಡಿ ಎಲ್ಲಿದೆ ಅಂತ ಕಾಣುವುದೇ ಇಲ್ಲ. ಇನ್ನು ಹಂಪ್. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಪ್ರಕಾರ ಗುಂಡಗಿನ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಏರಿಯಾಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಆ ಅಳತೆಯೂ ಇಲ್ಲ, ಬಿಳಿ ಪಟ್ಟೆಯೂ ಇಲ್ಲ. ಇಂಥ ಊರಿನಲ್ಲಿ ಹಿಂದಿನ ಸಸ್ಪೆನ್ಷನ್ ಸರಿ ಇರುವುದು ಶೋಕಿ ಅಲ್ಲ. ಹಿಂದೆ ಕೂತ ಅಮ್ಮನ ಸೊಂಟದ ಪ್ರಶ್ನೆ ಅದು.

ಹಳೆ ಶಾಕ್ ಎಣ್ಣೆ ಸೋರಿ ಸತ್ತಿತ್ತು. ಅದಕ್ಕೆ ನನಗೆ ಬೇಜಾರಿಲ್ಲ, ಪಾರ್ಟ್ ಅಂದಮೇಲೆ ಸವೆಯುತ್ತದೆ. ಆದರೆ ಅದು ಯಾಕೆ ಸತ್ತಿತು ಅಂತ ಯಾರಾದರೂ ನೋಡಿದರಾ? ಲಿಂಕೇಜ್ ಬಿಗಿದುಕೊಂಡರೆ ಶಾಕ್‌ನ ರಾಡ್ ಮೇಲೆ ಪಕ್ಕದಿಂದ ಒತ್ತಡ ಬೀಳುತ್ತದೆ. ಸೀಲ್ ಒಂದು ಕಡೆ ಜಾಸ್ತಿ ಸವೆಯುತ್ತದೆ, ಎಣ್ಣೆ ಸೋರುತ್ತದೆ. ಪ್ರತಿ ಸರ್ವೀಸಿಗೂ ತಪ್ಪದೆ ಅವರ ಹತ್ತಿರವೇ ಬಿಟ್ಟಿದ್ದೇನೆ. ಪ್ರತಿ ಸಲವೂ ಪ್ರೆಶರ್ ವಾಶ್ ಮಾಡಿ, ಆ ಸೀಲ್‌ಗಳ ಮೇಲೇ ನೇರ ನೀರು ಬಿಟ್ಟು, ಪಳಪಳ ಹೊಳೆಸಿ ಕೊಟ್ಟರು. ಲಿಂಕೇಜ್ ಬಿಚ್ಚಿ ಒರೆಸಿ ಗ್ರೀಸ್ ಹಚ್ಚುವ ಕೆಲಸ ಒಮ್ಮೆಯೂ ಆಗಿಲ್ಲ. ಕೇಳಿದರೆ, “ಅದು ಜನರಲ್ ಸರ್ವೀಸಲ್ಲಿ ಬರಲ್ಲ ಸರ್.” ಹಾಗಾದರೆ ಯಾವುದರಲ್ಲಿ ಬರುತ್ತದೆ? ಅದಕ್ಕೆ ಉತ್ತರ ಇಲ್ಲ.

ಹೊಸದು ಹಾಕುವಾಗ ಪಕ್ಕದಲ್ಲಿ ನಿಂತು ನೋಡುತ್ತೇನೆ ಅಂದೆ. ಒಳಗೆ ಬಿಡಲಿಲ್ಲ. ಗಾಜಿನ ಆಚೆ ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರು. ಅಲ್ಲಿಂದ ಕಾಣುತ್ತಿದ್ದದ್ದು ನನ್ನ ಬೈಕಿನ ಹ್ಯಾಂಡಲ್ ಮಾತ್ರ. ಬೋಲ್ಟ್ ಬಿಗಿಯುವ ಇಂಪ್ಯಾಕ್ಟ್ ಗನ್ನಿನ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಹಳೆ ಪಾರ್ಟ್ ಕೊಡಿ ಅಂದರೆ “ಸ್ಕ್ರ್ಯಾಪ್‌ಗೆ ಹೋಯ್ತು” ಅಂದರು. ನನ್ನ ಪಾರ್ಟ್, ನನ್ನನ್ನು ಒಂದು ಮಾತು ಕೇಳದೆ ಅದು ಹೇಗೆ ಸ್ಕ್ರ್ಯಾಪ್‌ಗೆ ಹೋಗುತ್ತದೆ?

ಬೈಕ್ ತಗೊಂಡು ಹೊರಟ ಮೇಲೆ ಸ್ವಲ್ಪ ದಿನಕ್ಕೇ ಕಿರಕಿರ ಶುರು. ಸಣ್ಣ ಉಬ್ಬು ತಗ್ಗಿಗೆ ಹಿಂದಿನ ಚಕ್ರ ಅಲುಗುತ್ತಲೇ ಇಲ್ಲ, ನೇರ ಬೆನ್ನಿಗೆ ಗುದ್ದು. ವಾಪಸ್ ಹೋದರೆ, “ಹೊಸ ಪಾರ್ಟ್ ಅಲ್ವಾ ಸರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ.” ಮಳೆಗಾಲ ಪೂರ್ತಿ ಓಡಿಸಿದೆ. ಸೆಟ್ ಆಗಲಿಲ್ಲ, ಸದ್ದು ಜೋರಾಯಿತು. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ ಅಂತ ಬೇರೆ ಹೆದರಿಸಿದರು. ಅವರೂ ಮಾಡಲ್ಲ, ಬೇರೆಯವರು ಮಾಡಲೂ ಬಿಡಲ್ಲ!

ಕೊನೆಗೆ ವಿಲ್ಸನ್ ಗಾರ್ಡನ್ ಕಡೆ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಬೈಕನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಶಾಕ್‌ನ ಕೆಳಗಿನ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿದರು. ಅಲುಗಲಿಲ್ಲ. ಸ್ಪ್ಯಾನರ್‌ಗೆ ಉದ್ದ ಪೈಪ್ ಸಿಕ್ಕಿಸಿ ಮೈಭಾರ ಎಲ್ಲ ಹಾಕಿದ ಮೇಲೆ ನಟ್ ಬಿಟ್ಟಿತು. ಸರ್ವೀಸ್ ಮ್ಯಾನುಯಲ್‌ನಲ್ಲಿ ಪ್ರತಿ ಬೋಲ್ಟ್‌ಗೂ ಇಷ್ಟು ನ್ಯೂಟನ್ ಮೀಟರ್ ಬಿಗಿಯಬೇಕು ಅಂತ ಲೆಕ್ಕ ಇರುತ್ತದೆ. ಟಾರ್ಕ್ ರೆಂಚ್ ಇರುವುದು ಅದಕ್ಕೇ. ಗನ್ ಹಿಡಿದು ಟರ್ರ್ ಅನ್ನಿಸಿ ಬಿಟ್ಟರೆ ಬೋಲ್ಟ್ ಮಿತಿ ಮೀರಿ ಹಿಗ್ಗುತ್ತದೆ, ನಾಳೆ ಓಡುವಾಗ ಮುರಿದರೆ ಯಾರು ಜವಾಬ್ದಾರಿ?

ಶಾಕ್ ಬಿಡಿಸಿದ ಮೇಲೆ ರಾಕರ್ ಒಂದು ಬೆರಳಿಗೆ ತಿರುಗಬೇಕು. ಇದು ಕೈಯಲ್ಲಿ ಹಿಡಿದು ತಿರುಚಿದರೂ ಗರಗರ ಅನ್ನುತ್ತಿತ್ತು. ಕಾಲರ್ ಹೊರಗೆ ತೆಗೆದರೆ ಮೇಲೆ ಸೂಜಿ ಗುರುತು ಸಾಲಾಗಿ ಮೂಡಿತ್ತು. ಬೇರಿಂಗ್‌ನಿಂದ ಇಟ್ಟಿಗೆ ಪುಡಿಯ ಹಾಗೆ ತುಕ್ಕು ಉದುರಿತು. ಒಂದು ಸೀಲ್‌ನ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಒಣಗಿದ ಕಾಲರನ್ನು ಹಾಗೇ ಒತ್ತಿ ತುರುಕಿದರೆ ಸೀಲ್ ಮಡಚದೆ ಏನು ಮಾಡುತ್ತದೆ? ಅಲ್ಲಿಂದಲೇ ನೀರು ಹೋಗಿದೆ. ಇನ್ನೊಂದು ಕಡೆಯ ಬೇರಿಂಗ್ ಚೆನ್ನಾಗಿಯೇ ಇತ್ತು. ಅದರ ಮೇಲೆ ಇನ್ನೂ ಫ್ಯಾಕ್ಟರಿಯ ತೆಳು ಎಣ್ಣೆ. ಅದು ಗೋಡೌನಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ಸವರಿದ ಎಣ್ಣೆ, ಓಡಿಸುವುದಕ್ಕೆ ಅಲ್ಲ. ಅಂದರೆ ಪ್ಯಾಕೆಟ್ ಹರಿದು ಹಾಗೇ ಸಿಕ್ಕಿಸಿದ್ದಾರೆ. ಎಲ್ಲದಕ್ಕೂ ಫೋಟೋ ತೆಗೆದೆ.

ಹಾಳಾದ ಬೇರಿಂಗ್ ಒಂದೇ ಕೊಡಿ ಅಂತ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. “ಬೇರಿಂಗ್ ಸಪರೇಟ್ ಬರಲ್ಲ ಸರ್, ಫುಲ್ ಅಸೆಂಬ್ಲಿ ತಗೋಬೇಕು.” ಬೇರಿಂಗಿನ ಅಂಚಿನಲ್ಲಿ ನಂಬರ್ ಕೊರೆದಿತ್ತು. ಎಚ್‌ಕೆ 2016. ಅಂದರೆ 20 ಮಿಲಿಮೀಟರ್ ಶಾಫ್ಟ್, 16 ಮಿಲಿಮೀಟರ್ ಅಗಲ, ಹೊರ ಅಳತೆ 26. ಜೆ.ಸಿ. ರಸ್ತೆಯ ಅಂಗಡಿಯವರು ನಂಬರ್ ನೋಡಿ ಡಬ್ಬಿಯಿಂದ ತೆಗೆದು ಕೌಂಟರ್ ಮೇಲೆ ಇಟ್ಟರು. ಅಸೆಂಬ್ಲಿಯ ರೇಟಿನ ಮುಂದೆ ಅದರ ಬೆಲೆ ಏನೂ ಅಲ್ಲ. ಇಷ್ಟು ಸುಲಭವಾಗಿ ಸಿಗುವ ವಸ್ತುವನ್ನು ಸಿಗಲ್ಲ ಅಂತ ಹೇಳಿ ಜನರ ಜೇಬಿಗೆ ಕೈ ಹಾಕುವುದು ಯಾವ ನ್ಯಾಯ?

ಆ ಮೆಕ್ಯಾನಿಕ್ ಕೆಲಸ ನೋಡಿ ಕಣ್ಣು ತುಂಬಿತು. ಸುತ್ತಿಗೆ ಮುಟ್ಟಲಿಲ್ಲ. ಉದ್ದ ಬೋಲ್ಟ್, ಎರಡು ವಾಶರ್, ಅಳತೆಗೆ ತಕ್ಕ ಸಾಕೆಟ್, ನಂಬರ್ ಇರುವ ಕಡೆಯಿಂದಲೇ ನಿಧಾನಕ್ಕೆ ಒತ್ತಿ ಕೂರಿಸಿದರು. ಆ ಕಡೆಯ ಅಂಚೇ ಗಟ್ಟಿ, ಇನ್ನೊಂದು ಕಡೆಯಿಂದ ಒತ್ತಿದರೆ ಬೇರಿಂಗ್ ಕೆಡುತ್ತದೆ. ಸೂಜಿಗಳ ನಡುವೆ ಬೆರಳಿನಿಂದ ಗ್ರೀಸ್ ತುಂಬಿದರು, ಸೀಲ್‌ನ ಅಂಚಿಗೂ ಸವರಿದರು. ಹೊಸ ಕಾಲರ್, ತಾನಾಗಿ ಸಡಿಲವಾಗದ ಹೊಸ ನೈಲಾಕ್ ನಟ್, ಟಾರ್ಕ್ ರೆಂಚ್. ಆಮೇಲೆ ನನ್ನನ್ನು ಸೀಟಿನ ಮೇಲೆ ಕೂರಿಸಿ, ಹಿಂದಿನ ಭಾಗ ಎಷ್ಟು ಇಳಿಯುತ್ತದೆ ಅಂತ ಟೇಪಿನಲ್ಲಿ ಅಳೆದರು. ಚಕ್ರದ ಒಟ್ಟು ಚಲನೆಯ ಮೂರನೇ ಒಂದು ಭಾಗದ ಹತ್ತಿರ ಬರುವ ತನಕ, ಸ್ಪ್ರಿಂಗ್ ಎಷ್ಟು ಒತ್ತಿರಬೇಕು ಅಂತ ಹೊಂದಿಸುವ ಪ್ರಿಲೋಡ್ ತಿರುಗಿಸಿದರು. ಅಷ್ಟು ದೊಡ್ಡ ಶೋರೂಮಿನಲ್ಲಿ ನನ್ನ ತೂಕ ಎಷ್ಟು ಅಂತ ಕೇಳಿದವರೇ ಇಲ್ಲ.

ಕಿರಕಿರ ನಿಂತಿದೆ. ಆದರೆ ಬಿಗಿದ ಲಿಂಕೇಜ್ ಜೊತೆ ಒಂದು ಮಳೆಗಾಲ ಓಡಿದ ಹೊಸ ಶಾಕ್‌ನ ರಾಡ್ ಮೇಲೆ ಈಗಾಗಲೇ ಎಣ್ಣೆಯ ಪಸೆ ಕಾಣುತ್ತಿದೆ. ಮೆಕ್ಯಾನಿಕ್ ಬೆರಳಿನಿಂದ ಒರೆಸಿ ತೋರಿಸಿದರು. ಬಿಲ್, ಫೋಟೋ, ಹಳೆ ಬೇರಿಂಗ್ ಎಲ್ಲ ಇಟ್ಟುಕೊಂಡಿದ್ದೇನೆ. ಲೇಬರ್ ದುಡ್ಡು, ಹಚ್ಚದ ಗ್ರೀಸಿನ ದುಡ್ಡು ವಾಪಸ್ ಕೊಡಿ, ಶಾಕ್ ವಾರಂಟಿಯಲ್ಲಿ ಬದಲಾಯಿಸಿ ಅಂತ ಮೇಲ್ ಹಾಕಿದ್ದೇನೆ. ಮ್ಯಾನೇಜರ್ ಕಡೆಯಿಂದ ಬಂದಿರುವುದು “ವಿ ವಿಲ್ ಚೆಕ್” ಅನ್ನುವ ಒಂದು ಸಾಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಗೆ ದೂರು ಕೊಡಬಹುದು, ವಕೀಲರು ಬೇಕೇಬೇಕು ಅಂತ ಇಲ್ಲ. ಅವರು ಬದಲಾಯಿಸಿ ಕೊಡದಿದ್ದರೆ ಆ ತುಕ್ಕು ಹಿಡಿದ ಬೇರಿಂಗ್ ತಗೊಂಡು ನಾನೇ ಗ್ರಾಹಕ ಆಯೋಗದ ಮುಂದೆ ನಿಲ್ಲುತ್ತೇನೆ.