ಭಾವನ ಬೇಲಿ ಮತ್ತು ಮೌಸಿನ ಸೆನ್ಸರ್

ಆಟದಲ್ಲಿ ಸೋತವರಿಗೆ ಒಂದು ನೆಪ ಬೇಕು. ನಮ್ಮ ಕಾಲದಲ್ಲಿ ಪಿಚ್ಚಿತ್ತು, ಅಂಪೈರ್ ಇದ್ದ, ಬಿಸಿಲಿತ್ತು. ಈಗಿನವರಿಗೆ ಮೌಸ್ ಇದೆ. ದೀಪಾವಳಿ ರಜೆಯಲ್ಲಿ ಅಕ್ಕನ ಮಗಳು ಸತ್ತಾಗಲೆಲ್ಲ (ಗೇಮಿನೊಳಗೆ, ಗಾಬರಿ ಬೇಡ) ಒಂದೇ ಮಾತು: "ಸೆನ್ಸರ್ ಸರಿ ಇಲ್ಲ ಮಾವ, ಪಾಯಿಂಟರ್ ಹಾರ್ತಾ ಇದೆ."

ಅವಳಿಗೆ ಹೊಸ ಮೌಸ್ ಬೇಕಂತೆ. ಬೆಲೆ ಕೇಳಿದ ಭಾವ ಅಂಗಳಕ್ಕೆ ಹೋಗಿ ಕವಳ ಉಗಿದು ಬಂದು, "ನೀನು ಕಂಪ್ಯೂಟರಿನವನಲ್ವೇನೋ, ಹಾಳಾಗಿದ್ಯಾ ನೋಡು" ಎಂದರು. ಬೆಂಗಳೂರಿನ ಕಂಪನಿಯೊಂದರಲ್ಲಿ ಸಂಬಳದ ಲೆಕ್ಕ ಬರೆಯುವ ನಾನು ತೀರ್ಥಹಳ್ಳಿ ದಾಟಿದ ಕೂಡಲೇ ಕಂಪ್ಯೂಟರಿನವನಾಗುತ್ತೇನೆ.

ಸೆನ್ಸರ್ ಅಂದರೆ ಮೌಸಿನ ಹೊಟ್ಟೆಯಲ್ಲಿರೋ ಒಂದು ಪುಟ್ಟ ಕ್ಯಾಮೆರಾ. ಕೆಳಗೆ ಬೆಳಕು ಬಿಟ್ಟು ಸೆಕೆಂಡಿಗೆ ಸಾವಿರಾರು ಫೋಟೋ ತೆಗೆಯುತ್ತದೆ. ಹಿಂದಿನ ಫೋಟೋಗೂ ಈಗಿನದಕ್ಕೂ ಎಷ್ಟು ಜರುಗಿದೆ ಎಂದು ಲೆಕ್ಕ ಹಾಕಿ ಪಾಯಿಂಟರ್ ಓಡಿಸುತ್ತದೆ. ಹಾಗಾಗಿ ಅದಕ್ಕೆ ನೋಡಲು ಏನಾದರೂ ಇರಬೇಕು. ಗಾಜಿನ ಟೀಪಾಯಿ ಮೇಲೆ ಪಾಯಿಂಟರ್ ಅಲ್ಲಾಡಲೇ ಇಲ್ಲ. ಅಜ್ಜಿ ಕಾಲದಿಂದ ಉಜ್ಜಿಸಿಕೊಂಡು ನುಣುಪಾದ ಕೆಂಪು ಗಾರೆ ನೆಲದ ಮೇಲೆ ತಡವರಿಸಿತು. ಅಡಿಕೆ ಹಾಳೆಯ ಮೇಲೆ ಮಾತ್ರ ಚೆಂದ ಓಡಿತು. "ಹಾಳೆ ಮೇಲೆ ಆಡೋಕಾಗಲ್ಲ ಮಾವ, ಫ್ರೆಂಡ್ಸ್ ನಗ್ತಾರೆ" ಎಂದಳು.

ಆಮೇಲೆ ಡಿಪಿಐ. ಮೌಸ್ ಒಂದಿಂಚು ಜರುಗಿದರೆ ಎಷ್ಟು ಎಣಿಸುತ್ತದೆ ಅನ್ನೋ ಲೆಕ್ಕ ಅದು. ವಿಂಡೋಸ್‌ನಲ್ಲಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್' ಎಂಬ ಟಿಕ್ ತೆಗೆದೆ. ಅದಿದ್ದರೆ ಕೈಯ ವೇಗಕ್ಕೆ ತಕ್ಕಂತೆ ದೂರ ಹಿಗ್ಗಿ ಕುಗ್ಗಿ ಅಳತೆಯೇ ಕೆಡುತ್ತದೆ. ಪಾಯಿಂಟರ್ ವೇಗ ನಡುವಿನ ಗೆರೆಗೆ, ಮೌಸ್ 800ಕ್ಕೆ. ಅಕ್ಕನ ಹೊಲಿಗೆ ಟೇಪಿನ ಪಕ್ಕ ಸರಿಯಾಗಿ ಒಂದಿಂಚು ಜರುಗಿಸಿದೆ. ಚಿತ್ರ ಬರೆಯುವ ಪೇಂಟ್‌ನಲ್ಲಿ ಗೆರೆ 800 ಪಿಕ್ಸೆಲ್‌ಗಿಂತ (ಪರದೆಯ ಚುಕ್ಕಿ) ಚೂರು ಜಾಸ್ತಿ ಬಂತು. ನೂರಕ್ಕೆ ಎರಡು ಮೂರು ಹೆಚ್ಚುಕಮ್ಮಿ ಒಳ್ಳೆಯ ಮೌಸಿನಲ್ಲೂ ಇರುತ್ತದೆ. ಟೇಪು ಎಲ್ಲಿ ಹೋಯಿತೆಂದು ಅಕ್ಕ ಒಳಗಿಂದ ಕೂಗುತ್ತಿದ್ದಳು.

ಅವಳು ಕೇಳಿದ ಮೌಸಿನಲ್ಲಿ ಪಿಕ್ಸ್‌ಆರ್ಟ್ ಕಂಪನಿಯ 3395 ಸೆನ್ಸರ್ ಇದೆ. ಅದು 26000 ಡಿಪಿಐವರೆಗೆ ಹೋಗುತ್ತದೆ. ಅಷ್ಟಕ್ಕೆ ಇಟ್ಟರೆ ಒಂದಿಂಚಿಗೆ ಪಾಯಿಂಟರ್ 1920 ಪಿಕ್ಸೆಲ್ ಪರದೆಯನ್ನು 13 ಸಲ ದಾಟುವಷ್ಟು ಓಡುತ್ತದೆ. ಸೀನಿದರೆ ಮುಗೀತು. ದುಡ್ಡಿಗಾಗಿ ಆಡುವವರೇ ಹೆಚ್ಚಾಗಿ 400, 800, 1600ರಲ್ಲಿರುತ್ತಾರೆ. ಇನ್ನು ಅದರ ವೇಗದ ಮಿತಿ ಸೆಕೆಂಡಿಗೆ 650 ಇಂಚು. ಅಂದರೆ ಗಂಟೆಗೆ ಸುಮಾರು 59 ಕಿಲೋಮೀಟರ್. ಆಗುಂಬೆ ಘಾಟಿಯಲ್ಲಿ ಬಸ್ಸೂ ಅಷ್ಟು ಜೋರಾಗಿ ಇಳಿಯಲ್ಲ. ಕೈ ಅಷ್ಟು ಬೀಸಿದರೆ ಮೌಸಿಗಿಂತ ಮೊದಲು ಭುಜ ಹೋಗುತ್ತದೆ.

ಮೌಸ್ ಎತ್ತಿದಾಗ ಎಷ್ಟು ಎತ್ತರದವರೆಗೆ ಅದಕ್ಕೆ ನೆಲ ಕಾಣುತ್ತದೆ ಅನ್ನೋದೂ ಮುಖ್ಯ. ಎತ್ತಿದ ಮೇಲೂ ಪಾಯಿಂಟರ್ ಅಲೆದಾಡಿದರೆ ಗುರಿ ತಪ್ಪುತ್ತದೆ. ಇದನ್ನು ನೋಡಲು ಸಿಡಿ ಸಾಕು, ಒಂದೊಂದು 1.2 ಮಿಲಿಮೀಟರ್ ದಪ್ಪ. ಮನೆಯಲ್ಲಿದ್ದ ಸಿಡಿ ಎಂದರೆ ಯಕ್ಷಗಾನದ್ದು ಮತ್ತು ಅಕ್ಕ-ಭಾವನ ಮದುವೆಯದ್ದು. ಮುಂದೊಂದು ಹಿಂದೊಂದು ಇಟ್ಟು, ಸೆನ್ಸರಿನ ತೂತು ನಡುವಿನ ಸಂದಿಗೆ ಬರುವಂತೆ ಮೌಸ್ ಕೂರಿಸಿದೆ. ಒಂದೊಂದು ಸಿಡಿಗೆ ಪಾಯಿಂಟರ್ ಓಡಿತು, ಎರಡೆರಡಾದಾಗ ನಿಂತಿತು. ಒಳ್ಳೆಯ ಲಕ್ಷಣ.

ಹಾಗಾದರೆ ಹಾರ್ತಾ ಇದ್ದದ್ದು ಯಾಕೆ? ಮೌಸನ್ನು ಬೆಳಕಿಗೆ ಮಗುಚಿ ಹಿಡಿದೆ. ಸೆನ್ಸರಿನ ತೂತಿನೊಳಗೆ ಅಡ್ಡಡ್ಡ ಒಂದು ಅಡಿಕೆ ಸಿಪ್ಪೆಯ ನಾರು, ತುದಿಯಲ್ಲಿ ಚೂರು ಬಾಗಿ, ಗಾಳಿ ಊದಿದರೆ ನಡುಗುತ್ತಿತ್ತು. ಅಡಿಕೆ ಗೊನೆ ಕೊಯ್ಲು ಶುರುವಾಗಿ ಜಗಲಿ ತುಂಬ ಸುಲಿಯುವವರು, ಅಲ್ಲೇ ಮೂಲೆಯಲ್ಲಿ ಇವಳ ಮೇಜು. ಪಾಪದ ಕ್ಯಾಮೆರಾ ಮ್ಯಾಟಿನ ಜೊತೆ ನಾರಿನ ಫೋಟೋ ತೆಗೆದು ತೆಗೆದು ತಲೆ ಕೆಡಿಸಿಕೊಂಡಿತ್ತು. ಅಕ್ಕನ ಹೇರ್‌ಪಿನ್‌ನಲ್ಲಿ ತೆಗೆದೆ. ಹಾರಾಟ ನಿಂತಿತು. ಅವಳು ಸೋಲುವುದು ನಿಲ್ಲಲಿಲ್ಲ. ಮೌಸ್ ಒಂದು ಮಿಲಿಸೆಕೆಂಡಿಗೊಮ್ಮೆ ಸುದ್ದಿ ಮುಟ್ಟಿಸಿದರೂ ನಮ್ಮೂರ ಇಂಟರ್‌ನೆಟ್ ಅದನ್ನು ತನಗೆ ಬಿಡುವಾದಾಗ ಕಳಿಸುತ್ತದೆ.

ಕೊನೆಯದಾಗಿ 'ಆಂಗಲ್ ಸ್ನ್ಯಾಪಿಂಗ್' ನೋಡುತ್ತಿದ್ದೆ. ಅದು ಆನ್ ಆಗಿದ್ದರೆ ಕೈ ಸ್ವಲ್ಪ ಸೊಟ್ಟ ಹೋದರೂ ಮೌಸೇ ಗೆರೆಯನ್ನು ನೇರ ಮಾಡುತ್ತದೆ. ಗುರಿ ಇಡುವವರಿಗೆ ಇದು ಬೇಡ. ಭಾವ ಹಿಂದೆ ನಿಂತು ನೋಡಿದರು. ಮೌಸ್ ಇಸಿದುಕೊಂಡು ಪೇಂಟ್‌ನಲ್ಲಿ ತೋಟದ ನಕ್ಷೆ ಬರೆಯತೊಡಗಿದರು: ಹಳ್ಳ, ಕೊಟ್ಟಿಗೆ, ಪಕ್ಕದ ತೋಟದವರ ಜೊತೆ ವರ್ಷಗಳಿಂದ ತಕರಾರಿರುವ ಬೇಲಿ. ಕೈ ನಡುಗಿದರೂ ಬೇಲಿ ದಾರ ಹಿಡಿದಂತೆ ನೇರ ಬಂತು. ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಇದರಲ್ಲಿ ಪ್ರಿಂಟ್ ತೆಗೆದುಕೊಡು" ಎಂದರು. "ಸರ್ವೆಯವರಿಗೆ ತೋರಿಸ್ತೀನಿ."