ಹಿಟ್ಟಿನ ಎತ್ತು

ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ನನ್ನ ತಂಗಿಯ ಮಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿದ್ದ. ಏಳು ವರ್ಷ. ರಕ್ತದ ಕ್ಯಾನ್ಸರ್. ಅವರ ಊರು ರೋಣದ ಕಡೆ. ಅಲ್ಲಿ ಅವನ ಓರಗೆಯ ಹುಡುಗರು ಮಣ್ಣು ತಂದು ಎತ್ತು ಮಾಡುವ ಹೊತ್ತಿಗೆ ಇವನ ಕೈಗೆ ಸಲೈನ್ ಹಚ್ಚಿತ್ತು. "ಮಾಮಾ, ನನ್ನ ಎತ್ತು ಯಾರು ಮಾಡ್ತಾರ?" ಅಂದ.

ಕೀಮೋ ಆಗಿ ಬಿಳಿ ರಕ್ತಕಣದ ಕೌಂಟ್ ಇಳಿದ ಮಗುವಿನ ಕೈಗೆ ಮಣ್ಣು ಕೊಡುವ ಹಾಗಿಲ್ಲ. ಸೋಂಕು ತಗುಲಿದರೆ ಕಷ್ಟ. ಡಾಕ್ಟರನ್ನು ಕೇಳಿದೆ. ಬೇಯಿಸಿದ ಹಿಟ್ಟಾದರೆ ಪರವಾಗಿಲ್ಲ, ಕೈ ತೊಳೆಸಿ ಅಂದರು. ನನ್ನ ಹೆಂಡತಿ ರೊಟ್ಟಿಗೆ ಇಡುವಂತೆಯೇ ಎಸರಿಟ್ಟು, ಜೋಳದ ಹಿಟ್ಟು ಬೇಯಿಸಿ ನಾದಿ ಡಬ್ಬಿಗೆ ಹಾಕಿ ಕೊಟ್ಟಳು. ಜೋಳಕ್ಕೆ ಜಿಗುಟು ಕಡಿಮೆ ನೋಡಿ, ಕೋಡು ನಿಲ್ಲಲೇ ಇಲ್ಲ. ಎರಡು ಲವಂಗ ಚುಚ್ಚಿದ ಮೇಲೆ ಎತ್ತು ಎತ್ತಿನ ಹಾಗೆ ಕಂಡಿತು.

ಆಮೇಲೆ ಸಿಸ್ಟರ್ ಒಬ್ಬರು ಸೂಜಿ ಇಲ್ಲದ ಹೊಸ ಸಿರಿಂಜ್ ಕೊಟ್ಟರು. ಹುಡುಗ ಎತ್ತಿಗೆ ಇಂಜೆಕ್ಷನ್ ಮಾಡತೊಡಗಿದ. "ನರ ಸಿಗವಲ್ದು. ಏ, ಕಾಲು ಗಟ್ಟಿ ಹಿಡೀರಿ ಇದರದು!" ಅಂತ ನಮ್ಮದೇ ದನಿಯಲ್ಲಿ ಕೂಗಿದ. ಸ್ವಲ್ಪ ಹೊತ್ತಿಗೆ ಎತ್ತಿನ ಕಿವಿಯ ಹತ್ತಿರ ಬಾಗಿ, "ನಾ ಹಿಡಿಯಂಗಿಲ್ಲ, ಅಂಜಬ್ಯಾಡ" ಅಂದ.

ತಂಗಿ ನನ್ನ ಮುಖ ನೋಡಿದಳು. ಮೂರು ತಿಂಗಳಿಂದ ಅವನಿಗೆ ಸೂಜಿಯ ಹೆದರಿಕೆ ಅಂದುಕೊಂಡಿದ್ದೆವು. ಜಾಸ್ತಿ ಹೆದರಿಕೆ ಇದ್ದದ್ದು ಅಪ್ಪನೇ ಕಾಲು ಒತ್ತಿ ಹಿಡಿಯುವುದಕ್ಕೆ. ಮುಂದಿನ ಸಲದಿಂದ ಮಲಗಿಸಿ ಹಿಡಿಯುವುದನ್ನು ಬಿಟ್ಟೆವು. ಅವ್ವನ ತೊಡೆಯ ಮೇಲೆ ಕೂರುತ್ತಿದ್ದ. ಅವಳು ಹಿಡಿದ ಕಡ್ಡಿಯಿಂದ ಸೋಪಿನ ಗುಳ್ಳೆ ಊದುತ್ತಿದ್ದ. ಉಸಿರು ಉದ್ದ ಬಿಟ್ಟರೆ ಮೈ ಸಡಿಲಾಗುತ್ತದೆ, ಕಣ್ಣು ಗುಳ್ಳೆಯ ಹಿಂದೆ ಹೋಗುತ್ತದೆ. ಹೀಗೆ ಗಮನ ಸೆಳೆದರೆ ಮಕ್ಕಳಿಗೆ ಸೂಜಿಯ ನೋವು ಕಡಿಮೆ ಅನ್ನಿಸುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. ಯಾವ ಕೈಗೆ ಹಚ್ಚಲಿ ಅಂತ ಸಿಸ್ಟರ್ ಅವನನ್ನೇ ಕೇಳುತ್ತಿದ್ದರು. ಅಳುತ್ತಿದ್ದ, ನಿಜ. ಆದರೆ ಕೈ ತಾನೇ ಚಾಚುತ್ತಿದ್ದ.

ನಮ್ಮ ಕಡೆ ಆಸ್ಪತ್ರೆಗೆ ದಾನ ಕೊಡುವವರು ಹಣ್ಣು ಹಂಚುತ್ತಾರೆ, ಫ್ಯಾನು ಕೊಡಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಇರಲಿ. ಮಕ್ಕಳಿಗೆ ಒಂದು ಆಟದ ಕೋಣೆ ಕೊಡಿ ಅಂದರೆ ಮಾತ್ರ "ಹಾಸಿಗಿ ಹಿಡಿದ ಹುಡುಗಗ ಆಟ ಎಂಥಾದ್ರೀ" ಅನ್ನುತ್ತಾರೆ. ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರ್ ಆದ ಲಿಂಫೋಬ್ಲಾಸ್ಟಿಕ್ ಲುಕೇಮಿಯಾಕ್ಕೆ ಚಿಕಿತ್ಸೆ 2ರಿಂದ 3 ವರ್ಷ ನಡೆಯುತ್ತದೆ. ಅಷ್ಟು ದಿನ ಆಟ ಬಿಟ್ಟಿರು ಅಂತ ಏಳು ವರ್ಷದವನಿಗೆ ಹೇಗೆ ಹೇಳುವುದು? ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಅಷ್ಟಾಗದಿರಲು ಒಂದು ಕಾರಣ, ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುವುದು. ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇಕು, ಅದರ ಮೇಲೆ ಮಗು ಬಸ್ ಹತ್ತುವುದಿಲ್ಲ ಅಂತ ಹಟ ಹಿಡಿದರೆ ಯಾವ ತಾಯಿ ಎಷ್ಟು ದಿನ ಎಳೆದುಕೊಂಡು ಬರುತ್ತಾಳೆ? ನಮ್ಮ ಹುಡುಗ ಎತ್ತಿನ ಡಬ್ಬಿ ಹಿಡಿದುಕೊಂಡು ಬಸ್ ಹತ್ತುತ್ತಿದ್ದ.

ಆಟ, ಹಾಡು ಕ್ಯಾನ್ಸರ್ ಗುಣ ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಕೀಮೋ ಬಿಡಿಸಿ ಬೇರಿನ ಕಷಾಯ ಕೊಡಿ ಅಂತ ಸಂಬಂಧಿಕರೊಬ್ಬರು ಬಂದಾಗ ದೊಡ್ಡ ಜಗಳವೇ ಆಯಿತು. "ಅದು ಗಿಡದ್ದು, ತ್ರಾಸು ಇಲ್ಲ" ಅಂದರು. ಹುಡುಗನಿಗೆ ಕೊಡುತ್ತಿದ್ದ ವಿನ್‌ಕ್ರಿಸ್ಟೀನ್ ಎಂಬ ಕೀಮೋ ಔಷಧಿ ಕೂಡ ಮೂಲದಲ್ಲಿ ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದಲೇ ಬಂದದ್ದು! ಅಳತೆ ಸ್ವಲ್ಪ ತಪ್ಪಿದರೂ ಅದು ವಿಷ. ಮೈ ನೀವುವುದು, ಕಥೆ, ಹಾಡು, ಡಾಕ್ಟರು ಒಪ್ಪಿದ ಯೋಗ ಇವೆಲ್ಲ ಕೀಮೋದ ಜೊತೆಗೆ ಇರಲಿ. ಕೀಮೋದ ಬದಲಿಗೆ ಬೇಡ. ಡಾಕ್ಟರಿಗೆ ಹೇಳದೆ ಒಂದು ಚಮಚ ಕಷಾಯವೂ ಬೇಡ.

ಇನ್ನೊಬ್ಬಳನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಅವನ ಅಕ್ಕ, ಹತ್ತು ವರ್ಷದವಳು, ಊರಲ್ಲಿ ಅಜ್ಜಿಯ ಹತ್ತಿರ ಉಳಿದಿದ್ದಳು. ಒಂದು ದಿನ ಫೋನಿನಲ್ಲಿ ಕೇಳಿದಳು: "ಮಾಮಾ, ನನಗ ಯಾವಾಗ ಜ್ವರ ಬರ್ತದ?" ನನಗೆ ಮಾತೇ ಹೊರಡಲಿಲ್ಲ. ಮರುವಾರವೇ ಅವಳನ್ನು ಕರೆಸಿಕೊಂಡೆ. ಹಿಟ್ಟಿನ ಎತ್ತಿಗೆ ಗೋದಲಿ ಮಾಡುವ ಕೆಲಸ ಅವಳದಾಯಿತು.

ಇದಕ್ಕೆಲ್ಲ ಜಾಸ್ತಿ ದುಡ್ಡೇನೂ ಬೇಡ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಸಂಗೀತ ಕಲಿತು ಹೊರಬಂದಿದ್ದಾರೆ. ಧಾರವಾಡದಲ್ಲಂತೂ ಓಣಿಗೊಬ್ಬರು ಹಾಡುವವರು ಸಿಗುತ್ತಾರೆ. ವಾರಕ್ಕೊಂದು ತಾಸು ವಾರ್ಡಿನಲ್ಲಿ ಕೂತು ಹಾಡಲು ಒಬ್ಬರಾದರೂ ಸಿಗಲಿಕ್ಕಿಲ್ಲವೇ?

ಹುಡುಗನ ಚಿಕಿತ್ಸೆ ಇನ್ನೂ ನಡೆದಿದೆ. ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ವಾರ್ಡಿನ ಎಲ್ಲ ಮಕ್ಕಳಿಗೂ ಎತ್ತು ಮಾಡೋಣ ಅಂತ ಡಾಕ್ಟರ ಒಪ್ಪಿಗೆ ಪಡೆದಿದ್ದೇನೆ. ಎಸರಿಟ್ಟು ಹಿಟ್ಟು ನಾದಲು ನಾಲ್ಕು ಕೈ ಬೇಕು. ಬರುವವರು ಕಮೆಂಟಿನಲ್ಲಿ ತಿಳಿಸಿ. ನೆಗಡಿ, ಕೆಮ್ಮು ಇದ್ದವರು ದಯವಿಟ್ಟು ಬರಬೇಡಿ, ಲವಂಗ ಕಳಿಸಿ ಸಾಕು.